ಮಹಡಿಗೆ ಅರ್ಧ ಎಂಬಿ

ನನ್ನ ಗಂಡನ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಸಾರಿದ ಗಂಟಲು ಅದು. ಪಾರ್ಶ್ವವಾಯು ಹೊಡೆದ ಮೇಲೆ ಕೈಕಾಲು ಮೆಲ್ಲಗೆ ಹತೋಟಿಗೆ ಬಂದವು. ಹೇಳಬೇಕಾದದ್ದೂ ಅವರಿಗೆ ತಿಳಿಯುತ್ತಿತ್ತು. ತುಟಿಗೆ ಮಾತ್ರ ಅದನ್ನು ಹೇಳುವುದು ಹೇಗೆಂದು ಮರೆತುಹೋಗಿತ್ತು.

ಸೋಮವಾರ, ಗುರುವಾರ ಸಂಜೆ ಐದರಿಂದ ಆರರವರೆಗೆ ಥೆರಪಿಸ್ಟ್ ಹುಡುಗಿ ಟ್ಯಾಬಿನ ಪರದೆಯಲ್ಲಿ ಬಂದು ಪಾಠ ಮಾಡುತ್ತಿದ್ದಳು. ಅವಳ ತುಟಿ ನೋಡಿ ಇವರು ತಮ್ಮ ತುಟಿ ಆಡಿಸಬೇಕು. "ಮೊದಲ ಆರು ತಿಂಗಳು ತುಂಬಾ ಮುಖ್ಯ ಅಜ್ಜಿ, ಒಂದು ಕ್ಲಾಸೂ ತಪ್ಪಬಾರದು" ಎಂದಿದ್ದಳು. ನಾವು ತಪ್ಪಿಸಲಿಲ್ಲ. ಇಂಟರ್ನೆಟ್ ತಪ್ಪಿಸಿತು. ಧ್ವನಿ ಮೊದಲು ಬರುವುದು, ತುಟಿ ಆಮೇಲೆ. ಒಮ್ಮೆ ಅವಳು ಬಾಯಿ ತೆರೆದಿದ್ದಾಗಲೇ ಚಿತ್ರ ನಿಂತಿತು. ಅದೇ ಪಾಠವೆಂದುಕೊಂಡ ಇವರು ತಮ್ಮ ಬಾಯನ್ನೂ ಹಾಗೆಯೇ ತೆರೆದುಕೊಂಡು, ಜೊಲ್ಲು ಇಳಿದರೂ ಮುಚ್ಚದೆ, ನಾನು ಅಡುಗೆಮನೆಯಿಂದ ಬರುವ ತನಕ ಕೂತಿದ್ದರು. ಆ ಹುಡುಗಿ ಒಳ್ಳೆಯವಳು. ಮುಂದಿನ ಕ್ಲಾಸಿನಿಂದ ತುಟಿಯ ಆಕಾರವನ್ನು ದಪ್ಪ ಕಾಗದದ ಮೇಲೆ ಬರೆದಿಟ್ಟುಕೊಂಡು, ಚಿತ್ರ ನಿಲ್ಲುವ ಮೊದಲೇ ಎತ್ತಿ ಹಿಡಿಯುತ್ತಿದ್ದಳು. ಆದರೆ ಕಾಗದದ ತುಟಿ ಅಲುಗುವುದಿಲ್ಲವಲ್ಲ.

ಇಂಟರ್ನೆಟ್ಟಿನ ಪೆಟ್ಟಿಗೆ ಕೆಳಗಿನ ಮನೆಯಲ್ಲಿ, ಮೈದುನನ ಹಜಾರದಲ್ಲಿತ್ತು. ಎರಡು ಮನೆಗೂ ಅದೊಂದೇ. ಅವನು ಪ್ರತಿ ಸಂಜೆ ಕಂಪ್ಯೂಟರ್ ಮುಂದೆ ಕೂತು ಇನ್ನೂರು ಜನರಿಗೆ ನೇರಪ್ರಸಾರದಲ್ಲಿ ಉಪದೇಶ ಕೊಡುತ್ತಾನೆ. ವಿಷಯ: ಕುಟುಂಬದಲ್ಲಿ ಹೊಂದಾಣಿಕೆ. ನಮ್ಮ ಪಾಠ ಶುರುವಾದ ವಾರ, "ಯಾಕೋ ನನ್ನ ಪ್ರಸಾರ ತಡವರಿಸ್ತಿದೆ" ಎಂದು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಗೊಣಗಿದ್ದ. ಮರುವಾರದಿಂದ ಅವನದು ಸರಿಹೋಯಿತು, ನಮ್ಮದು ಕೆಟ್ಟಿತು. ಹೋಗಿ ಕೇಳಿದೆ.

"ಅತ್ತಿಗೆ, ನಿಮ್ಮ ಮನೆ ಗೋಡೆ ದಪ್ಪ. ಅದೂ ಅಲ್ದೆ ಆ ಟ್ಯಾಬು ನಿಮ್ಮ ವಾರಗೇದು. ಇಬ್ಬರಿಗೂ ರೆಸ್ಟ್ ಕೊಡಿ" ಎಂದು ನಕ್ಕ.

ನಾನು ನಗಲಿಲ್ಲ. ಮೇಲೆ ಬಂದು ಒಂದು ನೋಟ್‌ಬುಕ್ ತೆರೆದೆ.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಡೆಮಾನ್‌ಸ್ಟ್ರೇಟರ್ ಆಗಿದ್ದವಳು ನಾನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬಂದದ್ದನ್ನು ಬರೆ. ನನಗೆ ಗೊತ್ತಿರುವುದು ಇಷ್ಟೇ. ಕನ್ನಡಿಯ ಬೀರುವನ್ನು ಗೋಡೆಯಿಂದ ಸರಿಸಿ ವೇಗ ಅಳೆದೆ. ಮೈಕ್ರೋವೇವ್ ಆರಿಸಿ ಅಳೆದೆ. ಟ್ಯಾಬನ್ನು ಆರಿಸಿ ಹೊತ್ತಿಸಿ, ಒಳಗಿನ ಬೇಡದ ಚಿತ್ರಗಳನ್ನೆಲ್ಲ ಅಳಿಸಿ ಅಳೆದೆ. ಸೋಫಾದಲ್ಲಿ, ಬಾಲ್ಕನಿಯಲ್ಲಿ, ಬಚ್ಚಲುಮನೆಯ ಬಾಗಿಲಲ್ಲಿ ಕೂಡ. ಎಲ್ಲ ಕಡೆ ಅರ್ಧ ಎಂಬಿ. ಕಣ್ಣಿಗೆ ಹೊಡೆಯಬೇಕಾಗಿದ್ದ ಸಂಗತಿ ಅದು, ಚಿಂತೆಯಲ್ಲಿ ಹೊಳೆಯಲಿಲ್ಲ.

ನಮ್ಮದು ಕೆಟ್ಟ ಒಂಬತ್ತನೆಯ ವಾರದ ಬುಧವಾರ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ನನ್ನ ಪಟ್ಟಿಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು.

"ಅಮ್ಮಾ, ನಿಮ್ಮನೆ ಪೆಟ್ಟಿಗೆ ತನಕ ನೂರು ಎಂಬಿ ಬರ್ತಾ ಇದೆ. ಒಂದ್ಸಲ ಪೆಟ್ಟಿಗೆ ಪಕ್ಕದಲ್ಲೇ ನಿಂತು ನೋಡ್ತೀರಾ?"

"ಅದು ಕೆಳಗಿದೆ ಕಣಮ್ಮ. ನನ್ನ ಮಂಡಿ ನೋವು. ಇಳಿಯೋಕೆ ಹೊತ್ತು ಬೇಕು."

"ಕಂಬಿ ಹಿಡ್ಕೊಂಡು ಮೆಲ್ಲಗೆ ಇಳೀರಿ. ನಾನು ಲೈನಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಟ್ಯಾಬು, ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡು ಇಳಿದೆ. ಹದಿನೆಂಟು ಮೆಟ್ಟಿಲು. ಅಷ್ಟು ಹೊತ್ತೂ ಅವಳು ಕಾದಳು. ಮೈದುನ ವಾಕಿಂಗ್ ಹೋಗಿದ್ದ. ಬಾಗಿಲು ತೆಗೆದ ಓರಗಿತ್ತಿ ಏನು ಎತ್ತ ಎಂದು ಕೇಳದೆ ನನಗೊಂದು ಕುರ್ಚಿ ಎಳೆದು ಹಾಕಿ ಒಳಗೆ ಹೋದಳು. ಅಳೆಯುವ ಮೊದಲು ಉಪಕರಣದ ನಂಬರು ಬರೆದುಕೊಳ್ಳುವುದು ಲ್ಯಾಬಿನ ನಿಯಮ. ಕೈ ತಾನಾಗಿ ಪೆಟ್ಟಿಗೆಯನ್ನು ಮಗುಚಿ, ತಳದ ಚೀಟಿಯಲ್ಲಿದ್ದುದನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿತು. ಆಮೇಲೆ ಅಳೆದೆ.

ಅರ್ಧ ಎಂಬಿ.

ಆಗ ಹೊಳೆಯಿತು. ಲ್ಯಾಬಿನಲ್ಲಿ ಕಳ್ಳಲೆಕ್ಕ ಬರೆದ ಹುಡುಗರನ್ನು ನಾನು ಹಿಡಿಯುತ್ತಿದ್ದುದು ಹೀಗೆಯೇ. ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಬರುವುದಿಲ್ಲ. ಗೋಡೆ ಅಡ್ಡ ಬಂದರೆ ಕಡಿಮೆಯಾಗಬೇಕು, ಹತ್ತಿರ ಹೋದರೆ ಹೆಚ್ಚಾಗಬೇಕು. ಎಲ್ಲಿ ನಿಂತರೂ ಒಂದೇ ಬರುತ್ತದೆಂದರೆ ಅದು ಗೋಡೆಯ ಕೆಲಸವಲ್ಲ, ಮನುಷ್ಯನ ಕೈಕೆಲಸ.

"ಇಲ್ಲೂ ಅರ್ಧಾನೇ ಮಗಳೇ."

"ಅಮ್ಮಾ, ಹಾಗಾದ್ರೆ ಯಾರೋ ನಿಮ್ಮ ಟ್ಯಾಬಿಗೆ ಮಿತಿ ಹಾಕಿದ್ದಾರೆ. ತಳದ ಚೀಟೀಲಿ ಪಾಸ್‌ವರ್ಡ್ ಇರತ್ತೆ…"

"ಬರ್ಕೊಂಡಿದ್ದೀನಿ."

"ಅಯ್ಯಬ್ಬಾ" ಎಂದು ನಕ್ಕು, ಪೆಟ್ಟಿಗೆಯ ಒಳಪುಟವನ್ನು ಟ್ಯಾಬಿನಿಂದಲೇ ತೆರೆಯುವುದು ಹೇಗೆಂದು ಬಿಡಿಸಿ ಬಿಡಿಸಿ ಹೇಳಿಕೊಟ್ಟಳು.

ಮೇಲೆ ಬಂದು ತೆರೆದೆ. ಎರಡೂ ಮನೆಯ ಯಂತ್ರಗಳ ಪಟ್ಟಿ. ಅವನ ಕಂಪ್ಯೂಟರಿಗೆ ಮಿತಿಯಿಲ್ಲ. ಅವರ ಟೀವಿಗೆ ಇಲ್ಲ. ನೆಲ ಗುಡಿಸುವ ಯಂತ್ರಕ್ಕೂ ಇಲ್ಲ. ಕೊನೆಯಲ್ಲಿ, ಅವನೇ ಇಟ್ಟ ಹೆಸರು: 'ಮಹಡಿ ಟ್ಯಾಬ್'. ಮಿತಿ, ಅರ್ಧ.

ಗುಡಿಸುವ ಯಂತ್ರಕ್ಕಿಂತ ಕಡೆಯಾಗಿದ್ದರು ಅವನ ಅಣ್ಣ.

ಆ ಕ್ಷಣವೇ ಕೆಳಗಿಳಿದು ಜಗಳ ತೆಗೆಯಬಹುದಿತ್ತು. ತೆಗೆಯಲಿಲ್ಲ. ನಾಳೆ ಗುರುವಾರ. ಸಂಜೆಯೆಲ್ಲ ಗಂಡನ ಶರ್ಟಿನ ಗುಂಡಿ ಹೊಲಿಯುತ್ತ ಕೂತೆ. ಒಳಗೆ ಏನೋ ಬೆಚ್ಚಗಿತ್ತು. ಈ ವಯಸ್ಸಿನಲ್ಲಿ ಸೇಡಿಗೆ ಇಷ್ಟು ರುಚಿಯಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಗುರುವಾರ ಐದಕ್ಕೆ ಐದು ನಿಮಿಷ ಇರುವಾಗ ಪಟ್ಟಿ ತೆರೆದೆ. ನಮ್ಮ ಮಿತಿ ತೆಗೆದೆ. ಅವನ ಕಂಪ್ಯೂಟರಿಗೆ ಅರ್ಧ ಹಾಕಿದೆ. ಪಾಸ್‌ವರ್ಡ್ ಬದಲಾಯಿಸಿದೆ.

"ಅಯ್ಯೋ ಅಜ್ಜಿ!" ಥೆರಪಿಸ್ಟ್ ಹುಡುಗಿ ಪರದೆಗೆ ಮುಖ ತಂದಳು. "ಇವತ್ತು ತಾತನ ಕನ್ನಡಕದ ಗೀರೂ ಕಾಣ್ತಿದೆ! ಬನ್ನಿ ತಾತ, ತುಟಿ ಮುಚ್ಚಿ, ಒತ್ತಿ, ಈಗ ಬಿಡಿ. ಬಾ. ಬಾ."

ಇವರು ಮುಂದಕ್ಕೆ ಬಾಗಿದರು. ಒಂಬತ್ತು ವಾರದಲ್ಲಿ ಮೊದಲ ಸಲ ಅವಳ ತುಟಿ ಸೇರುವುದನ್ನೂ ಬಿಡುವುದನ್ನೂ ಕಂಡರು. ಇವರ ತುಟಿ ಸೇರಿತು. ಗಾಳಿ ಮಾತ್ರ ಬಂತು. ಇನ್ನೊಮ್ಮೆ.

ಕೆಳಗಿನಿಂದ ಮೈದುನನ ದನಿ ಏರಿ ಬಂತು. "ಸಂಸಾರದಲ್ಲಿ ಹಂಚಿಕೊಳ್ಳೋ ಗುಣ… ಹಲೋ? ಕೇಳಿಸ್ತಿದೆಯಾ? ಹಲೋ?" ಮತ್ತೆ, "ಹಂಚಿಕೊಳ್ಳೋ ಗುಣ… ಹಲೋ?" ಪ್ರಸಾರದಲ್ಲಿ ಅವನ ಮುಖ ಅರ್ಧ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಿತ್ತಂತೆ. ನೋಡುತ್ತಿದ್ದವರೊಬ್ಬರು ಚಿತ್ರದ ಕೆಳಗೆ 'ಮೇಷ್ಟ್ರಿಗೆ ನಿದ್ದೆ ಬಂತಾ?' ಎಂದು ಬರೆದರಂತೆ. ಆಮೇಲೆ ಓರಗಿತ್ತಿಯೇ ಹೇಳಿದಳು; ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಇಪ್ಪತ್ತು ನಿಮಿಷದಲ್ಲಿ ಮೆಟ್ಟಿಲು ದಡದಡ ಎಂದಿತು. ಬಾಗಿಲಲ್ಲಿ ನಿಂತ ಮೈದುನ ಬೆವೆತಿದ್ದ.

"ಅತ್ತಿಗೆ, ನಿಮಗೆ ನೆಟ್ ಬರ್ತಿದೆಯಾ?"

"ಚೆನ್ನಾಗಿ ಬರ್ತಿದೆ. ಕೆಳಗೆ ಗೋಡೆ ದಪ್ಪ ಇರ್ಬೇಕು."

ಅವನ ಕಣ್ಣು ಪರದೆಗೆ ಹೋಯಿತು. ಮುಖದ ಬಣ್ಣ ಇಳಿಯಿತು. "ನೀವು ಪೆಟ್ಟಿಗೆಗೆ ಕೈ ಹಾಕಿದ್ರಾ?"

"ಅರ್ಧ ಇಟ್ಟಿದ್ದೀನಿ. ನೀನು ನಮಗಿಟ್ಟಷ್ಟೇ. ಒಂದು ಎಳೆ ಕಡಿಮೆ ಮಾಡಿಲ್ಲ."

"ಇನ್ನೂರು ಜನ ಕಾಯ್ತಿದ್ದಾರೆ ಅತ್ತಿಗೆ!"

"ನಿಮ್ಮಣ್ಣ ಒಂಬತ್ತು ವಾರ ಕಾದ್ರು. ಬಾಯಿ ತೆರ್ಕೊಂಡು."

"ನಾನೇನು ಬೇಕು ಅಂತ… ಹೇಗೂ ಅಣ್ಣಂಗೆ ಇನ್ನು ಮಾತು ಬರಲ್ಲ ಅಂದ್ಕೊಂಡು…" ಅಲ್ಲಿಗೆ ಅವನೇ ನಿಲ್ಲಿಸಿದ.

ಬಾಗಿಲನ್ನು ಅವನ ಮುಖಕ್ಕೆ ಹಾಕಲು ನಾನು ಎದ್ದೆ. ಅಷ್ಟರಲ್ಲಿ ಇವರು ತಿರುಗಿದರು. ತಮ್ಮನನ್ನು ನೋಡಿದರು. ಮುಖ ಅರಳಿತು. ಅವನು ಮಾಡಿದ್ದು ಇವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ತುಟಿ ಸೇರಿತು, ಒತ್ತಿತು, ಬಿಟ್ಟಿತು.

"ಬಾ."

ಒಡಕಲು, ಸಣ್ಣದು. ಆದರೂ ಮಾತು. ಪರದೆಯಲ್ಲಿ ಹುಡುಗಿ ಚಪ್ಪಾಳೆ ಹೊಡೆದು ಅತ್ತೇಬಿಟ್ಟಳು. ಮೈದುನ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅತ್ತಿಗೆ, ಕೆಳಗೆ ಹೋಗಿ ಬರ್ತೀನಿ."

"ಕರೆದ್ರಲ್ಲ, ಕೇಳಿಸ್ಲಿಲ್ವಾ? ಒಳಗೆ ಬಾ. ಆರು ಗಂಟೆ ತನಕ ಏಳ್ಬೇಡ."

ಅವನು ಬಂದು ಅಣ್ಣನ ಪಕ್ಕ ಕೂತ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು, ತೆಗೆಯಲಿಲ್ಲ. ಇವರು ಅವನ ಮುಖ ನೋಡುತ್ತ ನಲವತ್ತು ನಿಮಿಷದಲ್ಲಿ ಹನ್ನೊಂದು ಸಲ "ಬಾ" ಎಂದರು. ಪ್ರತಿ ಸಲವೂ ಅವನು ತಲೆ ತಗ್ಗಿಸಿದ. ನಾನು ಎಣಿಸಿದೆ.

ಸೋಮವಾರ, ಗುರುವಾರ ಐದರಿಂದ ಆರರವರೆಗೆ ಅವನ ಕಂಪ್ಯೂಟರಿಗೆ ಇಂದಿಗೂ ಅರ್ಧವೇ. ಅವನು ಕೇಳುವುದಿಲ್ಲ, ನಾನು ತೆಗೆಯುವುದಿಲ್ಲ. ಆ ಒಂಬತ್ತು ವಾರಗಳನ್ನು ಮುಂದೊಂದು ದಿನ ಮನ್ನಿಸಿದರೂ ಮನ್ನಿಸಿಯೇನು. ಆದರೆ ನಾಲ್ಕು ತಿಂಗಳು ಉಣಿಸಿ, ಒರೆಸಿ, ಕಾದು ಕೂತವಳು ನಾನು. ಆ ಮೊದಲ ಮಾತು ನನಗೆ ಬರಬೇಕಾಗಿತ್ತು. ಅದನ್ನು ಬಾಗಿಲಲ್ಲಿ ನಿಂತು ಅವನು ಪಡೆದುಕೊಂಡ. ಅದನ್ನು ಮನ್ನಿಸಲಾರೆ.