ಮೀನಿನ ಪೆಟ್ಟಿಗೆಯ ಭತ್ತ

ಆಶಾಲತಾ ತೆನೆಯಿಂದ ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿದಳು. ಸಿಪ್ಪೆ ಚಪ್ಪಟೆಯಾಯಿತೇ ಹೊರತು ಒಳಗೆ ಏನೂ ಸಿಗಲಿಲ್ಲ. ಇನ್ನೊಂದನ್ನು ಒತ್ತಿದಳು. ಅದೂ ಜೊಳ್ಳು. ಬೇರೆ ತೆನೆಯದೊಂದು ಕಿತ್ತು ನೋಡಿದಳು, ಅದರದೂ ಅದೇ ಕಥೆ. ತುಂಬಿದ ತೆನೆಯಾಗಿದ್ದರೆ ಇಷ್ಟು ಹೊತ್ತಿಗೆ ಬಗ್ಗಿ ನೆಲ ನೋಡಬೇಕಿತ್ತು. ಇವು ನೆಟ್ಟಗೆ ನಿಂತಿದ್ದವು. ಆ ನೆಟ್ಟಗೆ ನಿಂತದ್ದನ್ನೇ ಅವಳು ಭತ್ತದ ಗಟ್ಟಿತನವೆಂದು ಮೆಚ್ಚಿಕೊಂಡು, ಫೋಟೋ ತೆಗೆದು ಊರಿನ ನೆಂಟರಿಗೆಲ್ಲ ಕಳಿಸಿ ಹೊಗಳಿಸಿಕೊಂಡಿದ್ದಳು. ಗದ್ದೆಯ ಬದುವಿನಲ್ಲೇ ಬೆಳೆದ ಹೆಣ್ಣಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಈಗ ನಾಚಿಕೆಯಾಯಿತು.

ಬೀಜ ಕೊಟ್ಟವನು ಕೆಳಗಿನ ಮನೆಯ ಕ್ಲಿಫರ್ಡ್. ಹೋದ ವರ್ಷ ಮೊಂತಿ ಹಬ್ಬಕ್ಕೆ, ಅಂದರೆ ಕ್ರೈಸ್ತರ ತೆನೆಹಬ್ಬಕ್ಕೆ, ಊರಿಗೆ ಹೋದವನು ಇಗರ್ಜಿಯಲ್ಲಿ ಆಶೀರ್ವದಿಸಿ ಹಂಚಿದ ಹೊಸ ತೆನೆಗಳನ್ನು ಕುವೈತಿಗೆ ತಂದು, ಅವಳಿಗೂ ಎರಡು ಕೊಟ್ಟಿದ್ದ. ಜೂನಿನಲ್ಲಿ ಅವಳು ಮೀನು ಮಾರುಕಟ್ಟೆಯಿಂದ ತಂದ ಥರ್ಮಕೋಲ್ ಪೆಟ್ಟಿಗೆಗೆ ಮಣ್ಣು ತುಂಬಿ, ರಿಗ್ಗೈ ಬಡಾವಣೆಯ ತಮ್ಮ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಆ ಕಾಳುಗಳನ್ನು ಬಿತ್ತಿದಳು. ಎ.ಸಿ.ಯ ಪೈಪಿನಿಂದ ಹನಿಯುವ ನೀರಿಗೆ ಬಕೆಟ್ ಇಟ್ಟಳು. ಬೆಂಕಿಯಂಥ ಗಾಳಿ ಬೀಸುವ ಮಧ್ಯಾಹ್ನಗಳಲ್ಲಿ ಪೆಟ್ಟಿಗೆಯನ್ನು ಹಾಲ್‌ನೊಳಗೆ ಎಳೆದು, ಸಂಜೆ ಮತ್ತೆ ಹೊರಗೆ ದೂಡಿದಳು. ಗಂಡ ಕಮಲಾಕ್ಷ ಇದನ್ನೆಲ್ಲ ನೋಡಿ, ಕುವೈತಿನಲ್ಲಿ ಬೇಸಾಯ ಮಾಡಲಿಕ್ಕೆ ಒಂದು ಜೊತೆ ಎತ್ತೂ ತರಿಸುವ ಎಂದು ತಮಾಷೆ ಮಾಡಿದ್ದ. ಆದರೆ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಬಕೆಟ್ ಖಾಲಿಯಾಗಿ, ಪೆಟ್ಟಿಗೆಯ ಮಣ್ಣು ಒದ್ದೆಯಾಗಿರುತ್ತಿತ್ತು. ಅವಳು ಕಂಡೂ ಕಾಣದ ಹಾಗೆ ಇದ್ದಳು.

ಅಷ್ಟೆಲ್ಲ ಮಾಡಿದ್ದು ಪುದ್ವಾರಿಗಾಗಿ, ಅಂದರೆ ಹೊಸ ಅಕ್ಕಿಯ ಊಟಕ್ಕಾಗಿ. ಕಮಲಾಕ್ಷನ ಮನೆತನದಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ಎಲೆಗೆ ಬಡಿಸಿಯಾದ ಮೇಲೆ ಕಿರಿಯರು ಹಿರಿಯರ ಮುಖ ನೋಡಿ ತುಳುವಿನಲ್ಲಿ ‘ಪುದ್ವಾರ್ ಉಣ್ಪೆ’, ಹೊಸತು ಉಣ್ಣುತ್ತೇನೆ ಎಂದು ಕೇಳಬೇಕು. ಹಿರಿಯರು ‘ಉಣ್ಲ’, ಉಣ್ಣು ಎನ್ನಬೇಕು. ಹಾಗೆ ಅನ್ನುವ ತನಕ ಯಾರೂ ಎಲೆಗೆ ಕೈ ಹಾಕುವ ಹಾಗಿಲ್ಲ. ಕುವೈತಿಗೆ ಬಂದ ಮೇಲೂ ಅಣ್ಣ ತಮ್ಮಂದಿರು ಇದನ್ನು ಬಿಟ್ಟಿರಲಿಲ್ಲ. ಬಿಟ್ಟು ಈಗ ಎರಡು ವರ್ಷವಾಗಿತ್ತು.

ತಮ್ಮ ಲತೀಶನನ್ನು ಕರೆಸಿಕೊಂಡವನು ಕಮಲಾಕ್ಷನೇ. ರಾಯ್‌ನಲ್ಲಿ ತಾನಿದ್ದ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ, ತನ್ನದೇ ಕೌಂಟರಿನಲ್ಲಿ, ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಒಂದು ದಿನ ಲತೀಶ ಯಜಮಾನನ ಹತ್ತಿರ ನೇರ ಹೋಗಿ ಕೆಲಸ ಬಿಡಲು ರಿಲೀಸ್ ಪತ್ರ ಕೇಳಿ, ವಾಸದ ಪರವಾನಗಿಯಾದ ಇಕಾಮಾ ಬದಲಾಯಿಸಿಕೊಂಡು, ಎಗೈಲಾದ ಮಾಲ್ ಒಂದರ ತರಕಾರಿ ವಿಭಾಗಕ್ಕೆ ಸೇರಿಬಿಟ್ಟ. ಸುದ್ದಿ ಕಮಲಾಕ್ಷನಿಗೆ ಗೊತ್ತಾದದ್ದು ಅಂಗಡಿಯಲ್ಲಿ ಚಹಾ ಕೊಡುವವನ ಬಾಯಿಯಿಂದ. ತಮ್ಮ ಹೋದದ್ದಕ್ಕಿಂತ ಆ ಚಹಾದ ಲೋಟ ಅವನನ್ನು ಹೆಚ್ಚು ಸುಟ್ಟಿತು. ನನ್ನನ್ನು ಒಂದು ಮಾತು ಕೇಳಲಿಲ್ಲ, ಇನ್ನು ಮುಂದೆ ಏನೂ ಕೇಳುವುದು ಬೇಡ ಎಂದು ಫೋನಿನಲ್ಲಿ ಹೇಳಿ ಇಟ್ಟವನು ಮತ್ತೆ ಎತ್ತಲಿಲ್ಲ. ಲತೀಶನ ಮದುವೆಯಲ್ಲೂ ಅತಿಥಿಯ ಹಾಗೆ ಅಕ್ಷತೆ ಹಾಕಿ ಬಂದಿದ್ದ.

ಇವತ್ತು ಮಧ್ಯಾಹ್ನ ಅದೇ ಲತೀಶನನ್ನೂ ಅವನ ಹೆಂಡತಿ ಅಶ್ಮಿತಾಳನ್ನೂ ಆಶಾಲತಾ ಊಟಕ್ಕೆ ಕರೆದಿದ್ದಳು. ಅಣ್ಣ ಉತ್ತರ ಕೊಡದಿದ್ದರೆ ಎಲೆಯ ಮುಂದಿನಿಂದ ಎದ್ದು ಹೋಗುವುದಾ ಅತ್ತಿಗೆ ಎಂದು ಲತೀಶ ಕೇಳಿದ್ದಕ್ಕೆ, ಅವಳು ಧೈರ್ಯವಾಗಿ ಬಾ ಎಂದಿದ್ದಳು. ಆ ಧೈರ್ಯ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಗಂಡನಿಗೆ ಇನ್ನೂ ಹೇಳಿರಲಿಲ್ಲ, ಕೈಯಲ್ಲಿ ಜೊಳ್ಳು.

ಹೇಳಿದಳು. ಕಮಲಾಕ್ಷ ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಕಾರಿನ ಕೀಲಿ ತೆಗೆದುಕೊಂಡ.

"ವಫ್ರಾಕ್ಕೆ ಹೋಗಿ ತರಕಾರಿ ತರ್ತೇನೆ."

ವಫ್ರಾದ ತೋಟಗಳೆಂದರೆ ದಕ್ಷಿಣದ ಗಡಿಯ ಹತ್ತಿರ, ಹೋಗಲಿಕ್ಕೇ ಒಂದು ಗಂಟೆ ಬೇಕು. ತರಕಾರಿ ಬಿಲ್ಡಿಂಗಿನ ಕೆಳಗೇ ಸಿಗುತ್ತಿತ್ತು. ಇವರು ಹೋದರೆ ಬರುವುದು ನೆಂಟರು ಎದ್ದು ಹೋದ ಮೇಲೆಯೇ ಎಂದು ಆಶಾಲತಾಳಿಗೆ ಅರ್ಥವಾಯಿತು. ಅವಳು ಗ್ಯಾಸ್ ಆರಿಸಿ, ಮನೆಯ ಚಪ್ಪಲಿಯಲ್ಲೇ ಹೋಗಿ ಕಾರಿನಲ್ಲಿ ಕೂತಳು.

ತೋಟ ತಲುಪಿ ಕಾರಿನ ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೆ ಒಂದು ಕ್ಷಣ ನಿಂತರು. ಗಾಳಿ ಬದಲಾಗಿತ್ತು. ಮೇ ತಿಂಗಳಿಂದ ಮುಖಕ್ಕೆ ಹೊಡೆಯುತ್ತಿದ್ದ ಆ ಒಲೆಯ ಬಿಸಿ ಇರಲಿಲ್ಲ; ಒದ್ದೆ ಮಣ್ಣಿನ ವಾಸನೆ ಹೊತ್ತ ತೆಳ್ಳಗಿನ ಗಾಳಿ ಅವಳ ಸೆರಗಿನೊಳಗೆ ನುಗ್ಗಿ ಹೋಯಿತು. ಹಸಿರುಮನೆಗಳ ಪ್ಲಾಸ್ಟಿಕ್ಕನ್ನು ಬದಿಗೆ ಸುತ್ತಿ ಕಟ್ಟಿದ್ದರು. ಹೊಸದಾಗಿ ಕೊರೆದ ಸಾಲುಗಳಲ್ಲಿ ಟೊಮೆಟೊ ಸಸಿಗಳು ಈಗಷ್ಟೇ ತಲೆ ಎತ್ತಿದ್ದವು. ಈ ಒಂದು ಗಾಳಿಗಾಗಿ ಈ ದೇಶದಲ್ಲಿ ವರ್ಷವಿಡೀ ಕಾಯಬಹುದು ಎಂದು ಅವಳಿಗೆ ಅನಿಸಿತು.

ತೋಟ ನೋಡಿಕೊಳ್ಳುವ ನಿಸಾರ್ ಬಂಟ್ವಾಳದ ಕಡೆಯವನು, ಕಮಲಾಕ್ಷನಿಗೆ ಹಳೆಯ ಗುರುತು. ಜುಮಾ ನಮಾಜಿಗೆ ಹೊರಡಬೇಕು, ನಿಮಗೆ ಬೇಕಾದ್ದನ್ನು ನೀವೇ ಕೊಯ್ದುಕೊಳ್ಳಿ ಎಂದು ಬುಟ್ಟಿ ಕೊಟ್ಟು ಹೋದ. ಗಂಡ ಹೆಂಡತಿ ಸಾಲುಗಳ ನಡುವೆ ಬಗ್ಗಿದರು. ಹರಿವೆ ಕಿತ್ತರು, ಬೆಂಡೆ ಮುರಿದರು. ಕಮಲಾಕ್ಷ ಒಂದು ಮುಳ್ಳುಸೌತೆಯನ್ನು ಅಂಗಿಗೆ ಒರೆಸಿ ಕಚ್ಚಿ, ಅರ್ಧ ಮುರಿದು ಅವಳಿಗೆ ಕೊಟ್ಟ. ಅವನ ಮುಖ ಸ್ವಲ್ಪ ಸಡಿಲಾದದ್ದು ನೋಡಿ ಅವಳು ಇದೇ ಸಮಯವೆಂದು ಬಾಯಿಬಿಟ್ಟಳು.

"ಅವ ನಿಮ್ಮನ್ನು ಒಂದು ಮಾತು ಕೇಳಲಿಲ್ಲ, ಸರಿ. ಅಷ್ಟು ವರ್ಷ ನಿಮ್ಮ ಪಕ್ಕದಲ್ಲೇ ನಿಂತಿದ್ದನಲ್ಲ, ಈ ಕೆಲಸ ನಿನಗೆ ಆಗ್ತದಾ ಅಂತ ನೀವು ಒಂದು ದಿನ ಕೇಳಿದ್ದುಂಟಾ?"

ಕಮಲಾಕ್ಷ ಸೌತೆಯ ತುದಿಯನ್ನು ದೂರ ಎಸೆದ. ಕೆಲಸ ಅಂದರೆ ಕೆಲಸ, ಅದರಲ್ಲಿ ಕೇಳಲಿಕ್ಕೆ ಎಂತ ಉಂಟು ಎಂದು ಗೊಣಗಿ ಮುಂದಿನ ಸಾಲಿಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನು ಬಳ್ಳಿಗಳ ಹಿಂದಿನಿಂದ ಒಂದು ದೊಡ್ಡ ಕಟ್ಟು ಎಳೆಯ ಅಲಸಂಡೆ ಹಿಡಿದುಕೊಂಡು ಬಂದದ್ದನ್ನು ಅವಳು ನೋಡಿದಳು. ಕಮಲಾಕ್ಷನಿಗೆ ಅಲಸಂಡೆ ಕಂಡರಾಗದು. ಅವರ ಮನೆಗೆ ಅದು ಬರುತ್ತಿದ್ದದ್ದು ಲತೀಶ ಜೊತೆಗಿದ್ದಾಗ ಮಾತ್ರ. ಆಶಾಲತಾ ಬುಟ್ಟಿ ಚಾಚಿದಳು.

ಹಿಂದಿರುಗುವಾಗ ಎಗೈಲಾದ ತಿರುವು ಬಂತು. ಕಾರು ನಿಧಾನವಾಯಿತು. ಲತೀಶನನ್ನು ಕರೆದುಕೊಂಡೇ ಹೋಗುವರೋ ಏನೋ ಎಂದು ಅವಳು ಉಸಿರು ಹಿಡಿದಳು. ಕಮಲಾಕ್ಷ ಕತ್ತು ತಿರುಗಿಸದೆ ನೇರ ಓಡಿಸಿದ. ಅಲಸಂಡೆಯನ್ನು ನಂಬಿ ಕುಣಿದದ್ದು ಅತಿಯಾಯಿತು ಎಂದು ಅವಳು ತನಗೇ ಹೇಳಿಕೊಂಡಳು.

ಮನೆಯಲ್ಲಿ ಅವಳು ಗಡಿಬಿಡಿಯಿಂದ ಅನ್ನಕ್ಕಿಟ್ಟು, ಹರಿವೆ ಹೆಚ್ಚಿ, ಕಾಯಿ ತುರಿದು, ಪಾಯಸಕ್ಕೆ ಬೆಲ್ಲ ಕರಗಿಸುತ್ತಿರುವಾಗ ಕರೆಗಂಟೆ ಸದ್ದಾಯಿತು. ಲತೀಶನ ಕೈಯಲ್ಲಿ ಬಾಳೆ ಎಲೆಯ ಸುರುಳಿ, ಒಂದು ಗೊಂಚಲು ಮಾವಿನ ಎಲೆ. ಅವನ ಹಿಂದೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಅಶ್ಮಿತಾ. ಲತೀಶ ‘ಅಣ್ಣ’ ಎಂದ. ಕಮಲಾಕ್ಷ ಟಿ.ವಿ.ಯಿಂದ ಕಣ್ಣು ತೆಗೆಯದೆ ‘ಹ್ಞೂಂ’ ಎಂದ. ಟಿ.ವಿ.ಯಲ್ಲಿ ಅರಬ್ಬಿಯಲ್ಲಿ ಹವಾಮಾನ ಹೇಳುತ್ತಿದ್ದರು, ಅವನಿಗೆ ಅದರಲ್ಲಿ ಅರ್ಧವೂ ಅರ್ಥವಾಗುವಂತಿರಲಿಲ್ಲ. ಅಶ್ಮಿತಾ ನೇರ ಅಡುಗೆಮನೆಗೆ ಬಂದು, ಏನು ಮಾಡಲಿ ಅಕ್ಕ ಎಂದು ಅಲಸಂಡೆ ಮುರಿಯಲು ಕೂತಳು.

ಕೂರಲು ಜಾಗವಿಲ್ಲದವನಂತೆ ಲತೀಶ ಬಾಲ್ಕನಿಗೆ ಹೋದ. ಹೋದವನು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಾಳು ಒತ್ತಿ ನೋಡಿ ಕರೆದ.

"ಅತ್ತಿಗೆ, ಇದು ಜೊಳ್ಳಲ್ವಾ?"

ಆಶಾಲತಾ ಬಾಗಿಲ ಬಳಿ ಬಂದು ಒಪ್ಪಿಕೊಂಡಳು. ಒಂದು ಕಾಳಾದರೂ ಹೊಸ ಅಕ್ಕಿ ಇಲ್ಲದೆ ಪುದ್ವಾರ್ ಹೇಗೆ ಎನ್ನುವಾಗ ಅವಳಿಗೆ ಅಳುವೇ ಬಂದಿತ್ತು. ಹೂ ಬಿಡುವಾಗ ಸೆಕೆ ಜಾಸ್ತಿಯಾದರೆ ಹೀಗೇ ಆಗುವುದು, ತಡವಾಗಿ ಬಂದ ತೆನೆ ಇದ್ದರೆ ಅದರಲ್ಲಿ ಕಾಳು ಕಟ್ಟಿರಬಹುದು ಎಂದು ಲತೀಶ ಒಂದೊಂದೇ ಗಿಡ ಸರಿಸುತ್ತ ಹುಡುಕತೊಡಗಿದ. ಹಾಲ್‌ನಿಂದ ಯಾರನ್ನೂ ಉದ್ದೇಶಿಸದಂತೆ ಒಂದು ಮಾತು ಬಂತು.

"ಗೋಡೆ ಬದಿಯ ಬುಡ ನೋಡಲಿ. ಅದು ತೆನೆ ಬಿಟ್ಟದ್ದು ಆಮೇಲೆ."

ದಿನಾ ಬೆಳಿಗ್ಗೆ ನೀರು ಹೊಯ್ದವನಿಗಲ್ಲದೆ ಅದು ಬೇರೆಯವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಲತೀಶ ಗೋಡೆಯ ಬದಿಗೆ ಕೈ ಹಾಕಿದ. ಅವನು ಬೇರೆ ಬುಡವನ್ನು ಹಿಡಿದಿದ್ದನೋ ಏನೋ, ಕಮಲಾಕ್ಷನಿಗೆ ತಡೆಯಲಾಗಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು ಎದ್ದು ಬಂದ. ಅಣ್ಣ ತಮ್ಮ ಒಂದೇ ತಟ್ಟೆ ನಡುವೆ ಇಟ್ಟುಕೊಂಡು ಕೂತರು. ಒತ್ತುವುದು, ಜೊಳ್ಳಾದರೆ ಎಸೆಯುವುದು, ಕಾಳಾದರೆ ತಟ್ಟೆಗೆ ಹಾಕುವುದು. ತಟ್ಟೆಗೆ ಬಿದ್ದ ಕಾಳಿನ ಸದ್ದು ಮಾತ್ರ ಆಗೊಮ್ಮೆ ಈಗೊಮ್ಮೆ ಅಡುಗೆಮನೆಯ ತನಕ ಕೇಳಿಸುತ್ತಿತ್ತು. ಇಬ್ಬರು ಹೆಂಗಸರೂ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ ಅದಕ್ಕೆ ಕಿವಿಗೊಟ್ಟಿದ್ದರು.

ಕೊನೆಗೆ ಸಿಕ್ಕಿದ್ದು ಅಂಗೈಯ ಗುಳಿಯಲ್ಲಿ ನಿಲ್ಲುವಷ್ಟು. ಲತೀಶ ಅದನ್ನು ಉಗುರಿನಿಂದ ಸುಲಿದ, ಆಶಾಲತಾ ಕಾಯಿಹಾಲಿನ ಜೊತೆ ಅರೆದು ಪಾಯಸಕ್ಕೆ ಹಾಕಿದಳು. ಹೊಸ ತೆನೆಯನ್ನು ಮನೆಗೆ ಕಟ್ಟುವ ಶಾಸ್ತ್ರಕ್ಕೆ ಜೊಳ್ಳಾದರೂ ನಡೆಯುತ್ತದೆ ಎಂದು ಲತೀಶ ಉಳಿದ ತೆನೆಗಳನ್ನು ಮಾವಿನ ಎಲೆಯೊಂದಿಗೆ ಸೇರಿಸಿ ಬಾಲ್ಕನಿಯ ಬಾಗಿಲ ಹಿಡಿಗೆ ಕಟ್ಟಿದ. ಕಮಲಾಕ್ಷ ಆಗಲೇ ಹಾಲ್‌ಗೆ ಹೋಗಿ ಗಂಭೀರನಾಗಿ ಕೂತಾಗಿತ್ತು.

ನೆಲದ ಮೇಲೆ ಎಲೆ ಹಾಕಿದರು. ಅನ್ನ, ಹರಿವೆಯ ಸಾಂಬಾರು, ಬೆಂಡೆ, ಅಲಸಂಡೆ, ತುದಿಯಲ್ಲಿ ಪಾಯಸ. ಎಲ್ಲ ಬಡಿಸಿ ಆಶಾಲತಾ ತಾನೂ ಕೂತಳು. ಎಲ್ಲರಿಗಿಂತ ಕಿರಿಯಳು ಅಶ್ಮಿತಾ. ಅವಳು ಕಲಿತು ಬಂದ ಮಾತನ್ನು ಗಂಡನಿಗೂ ಅಕ್ಕನಿಗೂ ಭಾವನಿಗೂ ತಪ್ಪಿಲ್ಲದೆ ಹೇಳಿದಳು. ಕಮಲಾಕ್ಷ ಅವಳಿಗೆ ಮೆತ್ತಗೆ ‘ಉಣ್ಲ’ ಎಂದ. ಆಮೇಲೆ ಲತೀಶನ ಸರದಿ. ಅವನು ಅತ್ತಿಗೆಯನ್ನು ಕೇಳಿದ, ಅವಳು ಹೇಳಿದಳು. ಆಮೇಲೆ ಅಣ್ಣನ ಕಡೆ ತಿರುಗಿದ. ಎ.ಸಿ. ಗುಂಯ್ ಎನ್ನುತ್ತಿತ್ತು. ಅನ್ನದ ಹಬೆ ಕಡಿಮೆಯಾಗುತ್ತ ಬಂತು. ದೇವರೇ, ಇವ ಕೇಳಲಿ, ಅವರು ಹೇಳಲಿ ಎಂದು ಆಶಾಲತಾ ಎಲೆಯ ಅಂಚನ್ನು ಬೆರಳಿನಲ್ಲಿ ಒತ್ತಿ ಹಿಡಿದಿದ್ದಳು.

"ಅವತ್ತು ಕೇಳದ್ದು ತಪ್ಪಾಯ್ತು ಅಣ್ಣ. ಇವತ್ತು ಕೇಳ್ತೇನೆ. ಪುದ್ವಾರ್ ಉಣ್ಪೆ."

ಕಮಲಾಕ್ಷ ಎಲೆಯನ್ನೇ ನೋಡುತ್ತಿದ್ದ. ಅಶ್ಮಿತಾ ಹೆದರಿ ಆಶಾಲತಾಳ ಕಡೆ ನೋಡಿದಳು.

"ಆ ತರಕಾರಿ ಕೆಲಸ ನಿನಗೆ ಆಗ್ತದಾ?"

ಬೇರೇನನ್ನೋ ಕಾಯುತ್ತಿದ್ದ ಲತೀಶನಿಗೆ ಮಾತು ತಲೆಗೆ ಹೋಗಲು ಸ್ವಲ್ಪ ಸಮಯ ಬೇಕಾಯಿತು.

"ಆಗ್ತದೆ ಅಣ್ಣ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಕೊತ್ತಂಬರಿ ಸೊಪ್ಪಿನ ಪರಿಮಳ ಬರ್ತದೆ. ಆ ಕೌಂಟರಿನಲ್ಲಿ ನನಗೆ ಆಗ್ತಿರಲಿಲ್ಲ. ಹೇಳ್ಲಿಕ್ಕೆ ಹೆದರಿಕೆ."

"ಹೆದರ್ಲಿಕ್ಕೆ ನಾನೆಂತ ಹುಲಿಯಾ," ಎಂದ ಕಮಲಾಕ್ಷ. ತನ್ನ ಎಲೆಯ ಅಲಸಂಡೆಯನ್ನು ಕೈಯಿಂದಲೇ ಎತ್ತಿ ತಮ್ಮನ ಎಲೆಗೆ ಹಾಕಿದ. "ಉಣ್ಲ. ತಣಿದುಹೋಗ್ತದೆ."

ಲತೀಶ ತಲೆ ತಗ್ಗಿಸಿ ಉಂಡ. ಪಾಯಸದಲ್ಲಿ ಹೊಸ ಅಕ್ಕಿಯ ರುಚಿ ಇತ್ತೋ ಇಲ್ಲವೋ, ಇದೆ ಎಂದು ಅಶ್ಮಿತಾ ಹೇಳಿದಳು, ಉಂಟು ಉಂಟು ಎಂದು ಕಮಲಾಕ್ಷ ಸಾಕ್ಷಿ ಹೇಳಿದ. ಎರಡು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಆಶಾಲತಾಳಿಗೆ ಒಮ್ಮೆಲೇ ಹಸಿವಾಯಿತು. ದೊಡ್ಡ ದೊಡ್ಡ ತುತ್ತು ಮಾಡಿ ಅರ್ಧ ಅನ್ನ ಮುಗಿಸಿದ ಮೇಲೆ, ತಾನು ಗಂಡನನ್ನು ‘ಉಣ್ಪೆ’ ಎಂದು ಕೇಳಲೇ ಇಲ್ಲವೆಂದು ಅವಳಿಗೆ ಹೊಳೆಯಿತು. ಕೈ ಅಲ್ಲೇ ನಿಂತಿತು. ಕಮಲಾಕ್ಷ ಅವಳನ್ನೇ ನೋಡುತ್ತಿದ್ದ. ಮೊದಲಿನಿಂದ ನೋಡಿದ್ದ ಎಂದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು. ಅವನು ಎಡಗೈಯಿಂದ ಅನ್ನದ ಪಾತ್ರೆಯನ್ನು ಅವಳ ಕಡೆ ದೂಡಿದ.

ಊಟ ಮುಗಿದು, ಎಲೆ ತೆಗೆದಾದ ಮೇಲೆ, ಸೆಕೆಯೇ ಇಲ್ಲವಲ್ಲ, ಇದು ಯಾಕೆ ಎಂದು ಕಮಲಾಕ್ಷ ಎದ್ದು ಎ.ಸಿ. ಆರಿಸಿದ. ಮೇ ತಿಂಗಳಿಂದ ಬಿಡದೆ ಕೇಳುತ್ತಿದ್ದ ಸದ್ದು ನಿಂತಿತು. ಲತೀಶ ಬಾಲ್ಕನಿಯ ಬಾಗಿಲು ಪೂರ್ತಿ ತೆರೆದ. ಪರದೆ ಒಳಗೆ ಉಬ್ಬಿ ಬಂತು, ಹಿಡಿಗೆ ಕಟ್ಟಿದ ತೆನೆಗಳು ಗಾಜಿಗೆ ತಾಗಿ ಸರಸರ ಎಂದವು. ಆಶಾಲತಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತಳು. ಪೈಪಿನ ತುದಿಯಲ್ಲಿ ಒಂದು ಹನಿ ಸ್ವಲ್ಪ ಹೊತ್ತು ನಿಂತು, ಬಕೆಟ್ಟಿಗೆ ಬಿತ್ತು. ಅದರ ಹಿಂದೆ ಇನ್ನೊಂದು ಬರಲಿಲ್ಲ.