ಒಂದು ಕಿವಿಯ ಬೆಕ್ಕು

"ಯಾವ ಸೈಜು?" ಎಂದು ಕೇಳಿದ ಹುಡುಗಿ ಉತ್ತರಕ್ಕೂ ಕಾಯದೆ ಬುಟ್ಟಿಯಿಂದ ಒಂದು ಜೊತೆ ಕಾಲುಚೀಲ ತೆಗೆದು ಕೌಂಟರಿನ ಮೇಲಿಟ್ಟಳು. ಅವಳು ಸೋಪಮ್ಮನ ಅತ್ತಿಗೆಯ ಮಗಳು, ಹತ್ತು ವರ್ಷ. ರಜೆಯಲ್ಲಿ, ಅಮ್ಮ ದುಡ್ಡಿಗೆ ನಡೆಸುವ ಮಕ್ಕಳ ಆಟದ ಮನೆಯಲ್ಲಿ ಇದೇ ಅವಳ ಕೆಲಸ. ಬಂದ ಮಕ್ಕಳ ಚಪ್ಪಲಿ ಬಿಡಿಸುವುದು, ಕಾಲುಚೀಲ ಕೊಡುವುದು, ಆಡಿ ಬಂದ ಮೇಲೆ ಅದನ್ನೇ ಬಿಚ್ಚಿಸಿ ತಿರುಗಿ ಬುಟ್ಟಿಗೆ ಹಾಕಿಸುವುದು. ಸೋಪಮ್ಮ ಆ ಜೊತೆಯನ್ನು ಎರಡೇ ಬೆರಳಲ್ಲಿ ಎತ್ತಿದಳು. ಒದ್ದೆಯೂ ಅಲ್ಲ, ಒಣಗಿಯೂ ಇಲ್ಲ. ಯಾರದೋ ಕಾಲಿನ ಬಿಸಿ ಇನ್ನೂ ಅದರೊಳಗಿತ್ತು.

"ನಾವು ಮನೆಯಿಂದಲೇ ತಂದಿದ್ದೀವಿ ಕಂದಾ" ಎಂದು ಮೆಲ್ಲನೆ ವಾಪಸಿಟ್ಟಳು.

"ನಿಮ್ಮತ್ತೆ ಮನೆಯಿಂದ ಗಾಳೀನೂ ಡಬ್ಬೀಲಿ ತುಂಬಿಸ್ಕೊಂಡು ಬಂದಿರ್ತಾಳೆ ಬಿಡು" ಎಂದು ಒಳಗಿನಿಂದ ಬಂದ ಅತ್ತಿಗೆ ನಕ್ಕಳು. ಅತ್ತಿಗೆ ಎಂದರೆ ಗಂಡನ ಅಕ್ಕ. ಸೋಪಮ್ಮ ಎಂಬ ಹೆಸರನ್ನು ದಯಪಾಲಿಸಿದವಳೂ ಅವಳೇ. ಲ್ಯಾಬಿನ ಕೆಲಸದಿಂದ ಬಂದವಳು ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುವುದನ್ನು ಮದುವೆಯಾದ ಹೊಸತರಲ್ಲಿ ನೋಡಿ, ಊಟದ ಮೇಜಿನಲ್ಲೇ ಇಟ್ಟ ಹೆಸರು. ಎಂಟು ವರ್ಷವಾದರೂ ಅದು ಅಂಟಿಕೊಂಡೇ ಇತ್ತು.

ಅಂದು ಮಗಳಿಗೆ ಆರು ತುಂಬಿತ್ತು. ತರಗತಿಯ ಎಂಟು ಮಕ್ಕಳು, ಅವರ ತಾಯಂದಿರು, ಒಂದು ಕೇಕು. "ತಮ್ಮನ ಮಗಳಂದ್ರೆ ನನ್ನ ಮಗಳೇ, ಬೇರೆ ಕಡೆ ಮಾಡಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?" ಎಂದು ಅತ್ತಿಗೆ ಪಟ್ಟು ಹಿಡಿದು ಎಲ್ಲರನ್ನೂ ಇಲ್ಲಿಗೇ ಕರೆಸಿದ್ದಳು.

ಬಾಗಿಲಲ್ಲೇ ಗೋಡೆಯುದ್ದಕ್ಕೂ ಮೀನಿನ ತೊಟ್ಟಿ. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಸ್ವಚ್ಛ. ತಾಯಂದಿರು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು.

"ಎಷ್ಟು ಚೆನ್ನಾಗಿಟ್ಟಿದ್ದೀರಿ!" ಎಂದಳು ಕಂಕುಳಲ್ಲಿ ಪುಟ್ಟ ಮಗುವನ್ನು ಎತ್ತಿಕೊಂಡಿದ್ದ ಕನ್ನಡಕದ ತಾಯಿ.

"ವಾರಕ್ಕೆ ಎರಡು ಸಲ ನೀರು ಬದಲಾಯಿಸ್ತೀನಿ. ಮೀನು ಬಹಳ ಸೂಕ್ಷ್ಮ, ಸ್ವಲ್ಪ ಗಲೀಜಾದ್ರೂ ತೇಲಿಬಿಡುತ್ವೆ. ಬಾಗಿಲಲ್ಲೇ ಸತ್ತ ಮೀನು ಕಂಡ್ರೆ ಯಾರು ಒಳಗೆ ಬರ್ತಾರೆ ಹೇಳಿ?"

ಒಳಗಿನ ಕಥೆಯೇ ಬೇರೆ. ಮೇಲೆ ಥಳಕು, ಒಳಗೆ ಹುಳುಕು. ಕಾಲಿಟ್ಟ ಕೂಡಲೇ ಹುಳಿಯಾದ ಹಾಲು, ಕಾಲಿನ ಬೆವರು, ಇವೆರಡರ ಮೇಲೆ ಸುರಿದ ಮಲ್ಲಿಗೆಯ ಸೆಂಟು, ಎಲ್ಲ ಕಲಸಿದ ವಾಸನೆ ಮೂಗಿಗೆ ಬಡಿಯಿತು. ಕಿಟಕಿ ಒಂದೂ ಇಲ್ಲ. ಕಂಬಗಳಿಗೆ ಸುತ್ತಿದ ಮೆತ್ತೆ ಹರಿದಲ್ಲೆಲ್ಲ ಟೇಪು ಹಚ್ಚಿದ್ದರು, ಟೇಪಿನ ಅಂಚಿಗೆ ಯಾರ ಯಾರದೋ ಕೂದಲು ಅಂಟಿತ್ತು. ಜಾರುಬಂಡೆಯ ಹಿಡಿಕೆ ಮುಟ್ಟಿದರೆ ಬೆರಳು ಅರ್ಧ ಕ್ಷಣ ಅಲ್ಲೇ ಅಂಟಿಕೊಳ್ಳುತ್ತಿತ್ತು. ಸೋಪಮ್ಮನಿಗೆ ಮೈಮೇಲೆ ಹುಳ ಹರಿದಂತಾಯಿತು.

ನಟ್ಟನಡುವೆ ಚೆಂಡಿನ ಹೊಂಡ. ಮಕ್ಕಳ ಸೊಂಟದೆತ್ತರ ತುಂಬಿದ ಬಣ್ಣಬಣ್ಣದ ಪ್ಲಾಸ್ಟಿಕ್ ಚೆಂಡುಗಳು, ಒಂದೊಂದರ ಮೇಲೂ ನಗುವ ಬೆಕ್ಕಿನ ಮುಖ. ಅಚ್ಚಿನವನ ತಪ್ಪಿನಿಂದ ಬೆಕ್ಕಿಗೆ ಒಂದೇ ಕಿವಿ. ಅತ್ತಿಗೆ ಅದನ್ನೂ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದಳು, "ಇಂಥ ಚೆಂಡು ಬೇರೆ ಯಾರ ಹತ್ರಾನೂ ಇಲ್ಲ."

ಆ ಬೆಕ್ಕೇ ಸೋಪಮ್ಮನ ನಿದ್ದೆ ಕೆಡಿಸಿದ್ದು. ಲ್ಯಾಬಿಗೆ ಬರುವ ಮಾದರಿಗಳಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಪರೀಕ್ಷೆ ಮಾಡುವವರಿಗೆ ಅದು ಯಾರದೆಂದು ತಿಳಿಯಬಾರದು. ಆದರೆ ಮೂರು ವಾರದ ಹಿಂದೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಒರೆಸಿ ತರುವ ಹತ್ತಿಕಡ್ಡಿ ಮುಗಿದಿತ್ತೆಂದು ನಾಲ್ಕು ಚೆಂಡುಗಳನ್ನೇ ಚೀಲದಲ್ಲಿ ಕಟ್ಟಿ ತಂದು ಮೇಜಿನ ಮೇಲಿಟ್ಟು ಹೋದ. ಚೀಲ ಬಿಚ್ಚಿದರೆ ಒಂದು ಕಿವಿಯ ಬೆಕ್ಕು ಅವಳನ್ನೇ ನೋಡಿ ನಗುತ್ತಿತ್ತು. ಚೆಂಡು ತೊಳೆದ ನೀರನ್ನು ಗಾಜಿನ ತಟ್ಟೆಗೆ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಳು. ಎರಡನೆಯ ದಿನ ಮುಚ್ಚಳ ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಹನ್ನೊಂದು ವರ್ಷದಲ್ಲಿ ಕಾಣಬಾರದ್ದನ್ನೆಲ್ಲ ಕಂಡಿದ್ದ ಕಣ್ಣು ಅದು. ಕಕ್ಕಸಿನಲ್ಲಿ ಇರಬೇಕಾದದ್ದು ತಟ್ಟೆಯ ತುಂಬ ಬೆಳೆದು ನಿಂತಿತ್ತು.

ಕಂಡದ್ದನ್ನು ಬರೆದಳು, ಮೇಲಿನವರು ಸಹಿ ಹಾಕಿದರು, ವರದಿ ಹೋಯಿತು. ಲ್ಯಾಬಿನ ಫಲಿತಾಂಶ ಬಾಯಿಂದ ಹೊರಗೆ ಬಿದ್ದರೆ ಕೆಲಸ ಹೋಗುತ್ತದೆ, ಸೇರಿದ ದಿನವೇ ಅದಕ್ಕೆ ರುಜು ಹಾಕಿದ್ದಳು. ಇಷ್ಟು ಹೊತ್ತಿಗೆ ನೋಟಿಸು ಹೋಗಿರುತ್ತದೆ, ಅತ್ತಿಗೆ ತೊಳೆಸಿರುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ. ಆದರೂ ಬೆಳಿಗ್ಗೆ ಮಗಳ ಫ್ರಾಕಿನ ಗುಂಡಿ ಹಾಕುತ್ತಾ ಕಿವಿಯಲ್ಲಿ ಉಸುರಿದ್ದಳು, "ಬಾಲಿನ ಹೊಂಡಕ್ಕೆ ಮಾತ್ರ ಇಳೀಬೇಡ ಪುಟ್ಟೀ. ಯಾರಿಗೂ ಹೇಳಲೂಬೇಡ."

ಈಗ ಎಂಟೂ ಮಕ್ಕಳು ಕಿರುಚುತ್ತಾ ಹೊಂಡಕ್ಕೆ ಧುಮುಕಿದ್ದರು. ಸೋಪಮ್ಮ ಅಂಚಿನಲ್ಲಿ ಬಗ್ಗಿ ಒಂದು ಚೆಂಡು ಎತ್ತಿದಳು. ಅಂಟು. ಅದರ ಕೆಳಗಿನದಕ್ಕೆ ನೆನೆದ ಬಿಸ್ಕತ್ತು ಮೆತ್ತಿತ್ತು. ಇನ್ನೂ ಕೆಳಗೆ ಕೈಹಾಕಿದಾಗ ಬೆರಳಿಗೆ ಮೆತ್ತಗೆ ಏನೋ ಹತ್ತಿತು. ಯಾವುದೋ ಮಗುವಿನ ಗಾಯದ ಪಟ್ಟಿ, ರಕ್ತ ಒಣಗಿ ಕಂದಾಗಿತ್ತು. ಅದನ್ನು ಕೊಡವಿ, ಅತ್ತಿಗೆ ತನ್ನ ಮಗಳನ್ನೂ ಇದಕ್ಕೆ ಬಿಡುತ್ತಾಳೋ ತಿಳಿಯಲು ಕೌಂಟರಿನತ್ತ ತಿರುಗಿ ಕರೆದಳು.

"ನೀನೂ ಬಾರೇ ಕಂದಾ, ಇವರ ಜೊತೆ ಆಡು."

"ನಾನು ಅದಕ್ಕೆ ಇಳಿಯೋ ಹಾಗಿಲ್ಲ ಅತ್ತೆ" ಎಂದಳು ಹುಡುಗಿ, ಬುಟ್ಟಿಯ ಕಾಲುಚೀಲಗಳನ್ನು ಜೋಡಿ ಮಾಡುತ್ತಾ. "ಅಮ್ಮ ಬೈತಾಳೆ. ಅದು ಬರೋ ಮಕ್ಕಳಿಗಂತೆ."

ಸೋಪಮ್ಮ ನೆಟ್ಟಗೆ ಅತ್ತಿಗೆಯ ಹತ್ತಿರ ಹೋದಳು. "ಅತ್ತಿಗೆ, ಆ ಚೆಂಡುಗಳನ್ನ ಯಾವಾಗ ತೊಳೆಸಿದ್ರಿ?"

"ಶುರುವಾಯ್ತಾ ನಿನ್ನ ಪುರಾಣ? ಹತ್ತು ಸಾವಿರ ಚೆಂಡಿದೆ ಕಣಮ್ಮ. ಒಂದೊಂದನ್ನೇ ಮಡಿಲಲ್ಲಿ ಹಾಕ್ಕೊಂಡು ಒರೆಸ್ಲಾ? ದಿನಾ ಬೆಳಿಗ್ಗೆ ಸೆಂಟು ಹೊಡೀತೀವಿ."

"ಯಾರೂ ಬಂದು ಏನೂ ಕೇಳಲಿಲ್ವಾ?"

ಅತ್ತಿಗೆ ಕೇಕಿನ ಡಬ್ಬಿಯ ದಾರ ಬಿಚ್ಚುತ್ತಿದ್ದವಳು ದನಿ ತಗ್ಗಿಸಿದಳು. "ನೋಟಿಸು ಬಂದಿತ್ತು. ಇನ್ನೇನು ರಜೆ ಮುಗಿಯುತ್ತೆ, ಆಮೇಲೆ ತೊಳೆಸೋಣ ಅಂತ ನಿನ್ನ ಗಂಡಾನೇ ಅರ್ಜಿ ಬರೆದುಕೊಟ್ಟ. ಏನು, ನಿನಗೆ ಹೇಳಿಲ್ವಾ?"

ಹೇಳಿರಲಿಲ್ಲ. ಗಂಡ ಆಗ ಹೊಂಡದ ಪಕ್ಕದಲ್ಲೇ ಮಗಳ ತೋಳು ಹಿಡಿದುಕೊಂಡು ನಿಂತಿದ್ದ. "ಅದು ಬೇಡ ಮರಿ, ಬಾ, ಆ ಕಡೆ ಕುಣಿಯೋಣ" ಎಂದು ಪುಸಲಾಯಿಸುತ್ತಿದ್ದ. ಎಂಟು ವರ್ಷದಿಂದ ಒಂದೇ ತಟ್ಟೆಯಲ್ಲಿ ಕೈ ಹಾಕಿ ಉಂಡ ಮನುಷ್ಯ. ಅವನ ಬೆರಳುಗಳು ಮಗಳ ತೋಳಿನ ಮೇಲಿರುವುದನ್ನು ನೋಡುವುದೇ ಅವಳಿಗೆ ಅಸಹ್ಯವಾಯಿತು.

"ನಿಮಗೆ ಗೊತ್ತಿತ್ತು" ಎಂದಳು ಅವನ ಹತ್ತಿರ ಹೋಗಿ.

"ಮೆತ್ತಗೆ ಮಾತಾಡು. ನಮ್ಮ ಮಗು ಇಳೀತಿಲ್ವಲ್ಲ, ಮತ್ತೇನು? ಅಕ್ಕನ ಹೊಟ್ಟೆಪಾಡು ಕಣೇ ಇದು. ಕೇಕು ಕತ್ತರಿಸಿ ಅರ್ಧ ಗಂಟೇಲಿ ಹೊರಟುಬಿಡೋಣ."

ಮಗಳು ಇಬ್ಬರ ಮುಖವನ್ನೂ ನೋಡಿದಳು. "ಅಮ್ಮಾನೂ ಇಳೀಬೇಡ ಅಂದ್ಲು, ನೀನೂ ಇಳೀಬೇಡ ಅಂತೀಯ. ಹಾಗಿದ್ರೆ ನನ್ನ ಫ್ರೆಂಡ್ಸ್‌ನ ಯಾಕೆ ಬಿಟ್ರಿ?"

ಗಂಡ ಹೆಂಡತಿಯ ಕಡೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೀನೂ ನಮ್ಮವಳೇ ಅನ್ನುವ ಸಲಿಗೆ ಇತ್ತು. ಚೆಂಡಿನ ಅಂಟು, ಟೇಪಿನ ಕೂದಲು, ಗಾಯದ ಪಟ್ಟಿ ಯಾವುದಕ್ಕೂ ಬಾರದ ಹೇಸಿಗೆ ಆಗ ಬಂತು. ಅದು ತನ್ನ ಮೇಲೇ ಬಂದದ್ದು. ಅತ್ತಿಗೆ ಮಾಡಿದ್ದನ್ನು, ಗಂಡ ಮಾಡಿದ್ದನ್ನು, ಅವಳೂ ಬೆಳಿಗ್ಗೆ ಗುಂಡಿ ಹಾಕುತ್ತಾ ಮಾಡಿ ಮುಗಿಸಿದ್ದಳು.

ಅಷ್ಟರಲ್ಲಿ ಕನ್ನಡಕದ ತಾಯಿ ಕಂಕುಳಿನ ಮಗುವನ್ನು ಹೊಂಡದಲ್ಲಿ ಕೂರಿಸಿ ಫೋಟೋಕ್ಕೆ ಫೋನು ತೆಗೆದಳು. ಹಲ್ಲು ಬರುತ್ತಿದ್ದ ಮಗು. ಎರಡೂ ಕೈಯಲ್ಲಿ ಚೆಂಡು ಹಿಡಿದು ಬೆಕ್ಕಿನ ಮುಖವನ್ನು ಚಪ್ಪರಿಸತೊಡಗಿತು. "ಅಯ್ಯೋ ನೋಡ್ರೇ, ಬೆಕ್ಕಿಗೆ ಮುತ್ತು ಕೊಡ್ತಿದೆ!" ಎಂದು ಎಲ್ಲರೂ ನಕ್ಕರು.

ಸೋಪಮ್ಮ ಹೊಂಡಕ್ಕೆ ಇಳಿದೇ ಇಳಿದಳು. ಚೆಂಡುಗಳನ್ನು ಮೊಣಕಾಲಲ್ಲಿ ತಳ್ಳಿಕೊಂಡು ಹೋಗಿ ಮಗುವಿನ ಬಾಯಿಂದ ಚೆಂಡು ಕಿತ್ತು, ಎತ್ತಿ ತಾಯಿಯ ಕೈಗೆ ಕೊಟ್ಟಳು. ಮಗು ಅರಚಿಕೊಂಡಿತು.

"ಏನ್ರೀ ಇದು?" ಎಂದಳು ತಾಯಿ.

"ಎಲ್ಲರೂ ಮಕ್ಕಳನ್ನ ಹೊರಗೆ ಕರೀರಿ. ನಾನು ಲ್ಯಾಬಲ್ಲಿ ಕೆಲಸ ಮಾಡೋಳು. ಈ ಚೆಂಡುಗಳನ್ನ ನಾನೇ ಪರೀಕ್ಷೆ ಮಾಡಿದೀನಿ. ಇದರಲ್ಲಿ ಹೇಲಿದೆ."

ಬೇರೆ ಪದ ಇತ್ತು, ವರದಿಯಲ್ಲಿ ಬರೆಯುವಂಥದ್ದು. ಅದು ಬಾಯಿಗೆ ಬರಲಿಲ್ಲ.

"ಸುಳ್ಳು! ಇವಳಿಗೆ ತೊಳೆಯೋ ಕಾಯಿಲೆ" ಎಂದು ಅತ್ತಿಗೆ ಕೂಗಿದಳು.

"ಕೆಲಸ ಹೋಗುತ್ತೆ ಕಣೇ, ತಲೆ ಕೆಟ್ಟಿದೆಯಾ?" ಎಂದು ಗಂಡ ಹಲ್ಲು ಕಚ್ಚಿದ. ಅದನ್ನು ಕೇಳಿಸಿಕೊಂಡ ತಾಯಂದಿರಿಗೆ ಮತ್ತೆ ಯಾರೂ ಸಾಕ್ಷಿ ಹೇಳಬೇಕಾಗಲಿಲ್ಲ.

"ಮೂರು ವಾರದಿಂದ ನನಗೆ ಗೊತ್ತು" ಎಂದಳು ಸೋಪಮ್ಮ, ಕನ್ನಡಕದ ತಾಯಿಗೆ. "ಬೆಳಿಗ್ಗೆ ನನ್ನ ಮಗಳೊಬ್ಬಳಿಗೆ ಹೇಳಿದ್ದೆ. ನಿಮಗೆ ಹೇಳಲಿಲ್ಲ."

ಆ ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗುವಿನ ಬಾಯನ್ನು ತನ್ನ ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

ಇಡೀ ಆಟದ ಮನೆಗೆ ಇದ್ದದ್ದು ಒಂದೇ ನಲ್ಲಿ, ಕಕ್ಕಸಿನ ಪಕ್ಕದ ಗೋಡೆಯಲ್ಲಿ. ಸೋಪಿನ ಗೂಡು ಖಾಲಿ. ಸೋಪಮ್ಮ ಚೀಲದಿಂದ ತನ್ನ ಸೋಪು ತೆಗೆದಳು. ಮಕ್ಕಳು ಸಾಲಾಗಿ ಬಂದರು. ಮೊಣಕೈವರೆಗೆ ತೋಳು ಏರಿಸಿ, ಬೆರಳ ಸಂದಿ, ಉಗುರಿನ ಕೆಳಗೆ, ಒಬ್ಬೊಬ್ಬರಿಗೂ ತಿಕ್ಕಿ ತೊಳೆದಳು. ತೊಳೆಸಿಕೊಂಡವರನ್ನು ತಾಯಂದಿರು ಅವಳ ಕಡೆ ನೋಡದೆ ಕರೆದುಕೊಂಡು ಹೋದರು. ಕನ್ನಡಕದ ತಾಯಿ ಮಾತ್ರ ಸಾಲಿಗೆ ಬರಲೇ ಇಲ್ಲ, ಮಗುವನ್ನು ಎದೆಗವಚಿಕೊಂಡು ಮೊದಲೇ ಹೊರಟುಹೋಗಿದ್ದಳು. ಕೇಕು ಕತ್ತರಿಸದೆ ಕೂತಿತ್ತು. ಗಂಡ ಹೊರಗೆ ಕಾರಿನಲ್ಲಿ ಹಾರ್ನ್ ಒತ್ತಿದ. ಕೊನೆಗೆ ಮಗಳೂ ಕೈ ಚಾಚಿದಳು, ಅವಳದನ್ನೂ ತೊಳೆದು ಕಳಿಸಿದಳು.

ನಲ್ಲಿ ನಿಲ್ಲಿಸಲು ಹೋದಾಗ ಮುಂದೆ ಇನ್ನೆರಡು ಕೈ ಇದ್ದವು. ಸ್ವಲ್ಪ ದೊಡ್ಡವು, ಉಗುರಿಗೆ ಗುಲಾಬಿ ಬಣ್ಣ. ಅತ್ತಿಗೆಯ ಮಗಳು.

"ನೀನು ಹೊಂಡಕ್ಕೆ ಇಳಿದೇ ಇಲ್ವಲ್ಲ ಕಂದಾ."

ಹುಡುಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. "ಎಲ್ಲರಿಗೂ ಸಾಕ್ಸ್ ಕೊಟ್ಟು ಒಳಗೆ ಕಳಿಸ್ತಿದ್ದಿದ್ದು ನಾನೇ ಅತ್ತೆ" ಎಂದಳು.

ಸೋಪು ಸವೆದು ಬೆರಳಿನಷ್ಟಾಗಿತ್ತು. ಸೋಪಮ್ಮ ಅದನ್ನು ಆ ಕೈಗಳ ನಡುವೆ ಇಟ್ಟು, ತನ್ನ ಕೈಗಳನ್ನೂ ಅದರ ಮೇಲಿಟ್ಟು, ನೊರೆ ಬರುವವರೆಗೆ ತಿಕ್ಕಿದಳು. ಅತ್ತ ಬಾಗಿಲ ಬಳಿಯ ತೊಟ್ಟಿಯಲ್ಲಿ ತಿಳಿನೀರು ಗುಳುಗುಳು ಎನ್ನುತ್ತಿತ್ತು.