ಕಂಚಿನ ಬಸವನಹುಳು

ಬಸವನಹುಳುವನ್ನು ಎಡಗೈಯಲ್ಲಿ ಮೂರು ಸಲ ಸವರಿದರೆ ಕಳೆದುಹೋದವರು ತಿರುಗಿ ಬರುತ್ತಾರೆಂಬ ಕತೆಗೆ ಪ್ರಾಗ್‌ನಲ್ಲಿ ಆರುನೂರು ವರ್ಷದ ಇತಿಹಾಸವಿತ್ತು. ಅದರಲ್ಲಿ ಎಂಟು ವರ್ಷ ನಿಜ; ಉಳಿದದ್ದು ರಾದಿಮ್‌ನ ಕೊಡುಗೆ. ಪ್ರವಾಸಿಗರಿಗೆ ಊರು ತೋರಿಸುವುದು ಅವನ ಕಸುಬು. ಒಂದು ಮಳೆಯ ದಿನ ಹಳೆಯ ಕಲ್ಲುಸೇತುವೆಯ ಮೇಲೆ, ಗುಂಪಿನಲ್ಲೊಬ್ಬ ಶೌಚಾಲಯಕ್ಕೆ ಹೋದವನು ಬರುವತನಕ ಹೊತ್ತು ಕಳೆಯಬೇಕಾಗಿ, ದೀಪದ ಕಂಬದ ಬುಡದಲ್ಲಿದ್ದ ಕಂಚಿನ ಬಸವನಹುಳುವನ್ನು ತೋರಿಸಿ ಬಾಯಿಗೆ ಬಂದದ್ದು ಹೇಳಿದ್ದ. ಅಷ್ಟರಲ್ಲಿ ಹೋದವನು ಬಂದೂಬಿಟ್ಟ. ಪವಾಡಕ್ಕೆ ಇನ್ನೇನು ಬೇಕು? ಈಗ ಬೇರೆ ಗೈಡುಗಳೂ ಅದನ್ನೇ ಹೇಳುತ್ತಿದ್ದರು. ಹುಳುವಿನ ಬೆನ್ನು ಸವೆದು ಚಿನ್ನದಂತೆ ಹೊಳೆಯುತ್ತಿತ್ತು.

ಕತೆಯ ಜೊತೆಗೆ ಅಭಿನಯವೂ ಉಂಟು. ಗುಂಪಿಗೆ ಗುರುತಾಗಲೆಂದು ಎತ್ತಿ ಹಿಡಿಯುವ ಹಳದಿ ಛತ್ರಿಯನ್ನೇ ಊರುಗೋಲು ಮಾಡಿ, ಬೆನ್ನು ಬಗ್ಗಿಸಿ, ಗಂಡನನ್ನು ಕಳೆದುಕೊಂಡ ಮುದುಕಿಯ ನಡುಗುವ ದನಿ ತೆಗೆಯುತ್ತಿದ್ದ: "ಬಂದ್ಬಿಡ್ರೀ, ಸೂಪು ಆರಿಹೋಗ್ತಿದೆ."

ಮೇ ತಿಂಗಳ ಆ ಮಧ್ಯಾಹ್ನವೂ ಇಪ್ಪತ್ತು ಜನ ಬಿದ್ದು ಬಿದ್ದು ನಕ್ಕರು. ಎಲ್ಲರ ನಗು ನಿಂತ ಮೇಲೆ ಹಿಂದಿನಿಂದ ಇನ್ನೊಂದು ನಗು ಕೇಳಿತು. ಊರುಗೋಲು ಹಿಡಿದು ನಿಂತಿದ್ದವರು ಬ್ಲಾಜೆನಾ ಟೀಚರ್. ಏಳನೇ ತರಗತಿಯಲ್ಲಿ ಅವನಿಗೆ ಭೂಗೋಳ ಕಲಿಸಿದವರು.

"ನನ್ನ ಹಾಗೇ ಮಾಡ್ತೀಯಲ್ಲೋ ರಾದಿಮ್," ಎಂದರು. ಪ್ರಾಗ್‌ನವರು ಈ ಹೊತ್ತಿನಲ್ಲಿ ಈ ಸೇತುವೆಗೆ ಕಾಲಿಡುವುದಿಲ್ಲ. ಜಂಗುಳಿ ಪ್ರವಾಸಿಗರಿಗೆ ಬಿಟ್ಟದ್ದು. "ದಿನಾ ಬೆಳಿಗ್ಗೆ ಏಳಕ್ಕೇ ಬರ್ತೀನಿ. ಇವತ್ತು ಭುಜ ನೋವು ಅಂತ ಡಾಕ್ಟರ ಹತ್ರ ಹೋಗಿದ್ದೆ, ತಡವಾಯ್ತು. ಎಡಗೈ ಮೇಲೇಳ್ತಾನೇ ಇಲ್ಲ. ಬಲಗೈ ಆದ್ರೆ ನಡೆಯುತ್ತೇನೋ?"

ಅವರ ಗಂಡ ಆಲೋಯಿಸ್‌ಗೆ ನೆನಪು ಮಾಸಿತ್ತು. ಅಕ್ಟೋಬರಿನಲ್ಲಿ ಬನ್ನು ತರುತ್ತೇನೆಂದು ಮನೆಯೊಳಗಿನ ಚಪ್ಪಲಿಯಲ್ಲೇ ಹೊರಟವರು ಹಿಂದಿರುಗಿರಲಿಲ್ಲ. ಅದು ರಾದಿಮ್‌ಗೂ ಗೊತ್ತಿತ್ತು. ಅವನ ತಾಯಿ ಹೇಳಿದ್ದಳು.

ಇಪ್ಪತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು.

"ನಡೆಯುತ್ತೆ ಟೀಚರ್," ಎಂದ.

ಅವರು ಬಲಗೈಯಲ್ಲಿ ಮೂರು ಸಲ ಸವರಿದರು. ಗುಂಪಿನಲ್ಲಿ ಯಾರೋ ಫೋಟೋ ತೆಗೆದರು.

ಮರುದಿನ ಏಳಕ್ಕೆ ಮೊದಲೇ ರಾದಿಮ್ ಕಂಬದ ಬಳಿ ನಿಂತಿದ್ದ. ಛತ್ರಿಯನ್ನೂ ತಂದಿದ್ದ, ಅಭ್ಯಾಸಬಲ. ಟೀಚರ್ ಬಂದು ಹುಳುವಿನ ಮೇಲೆ ಬಲಗೈಯಿಟ್ಟರು.

"ಟೀಚರ್, ಅದು ನಾನು ಕಟ್ಟಿದ ಕತೆ."

"ನಕ್ಷೇಲಿ ಇಲ್ಲದ ನದಿ ಬರೆದೋನಲ್ವಾ ನೀನು," ಎಂದು ಅವರು ನಕ್ಕರು. ತಮಾಷೆ ಎಂದುಕೊಂಡಿದ್ದರು. ಅವನು ಎರಡನೇ ಸಲ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಅವನಿಗೆ ತನ್ನ ದನಿ ಬಿಟ್ಟು ಬೇರೆ ಯಾವ ದನಿಯೂ ಸಿಗಲಿಲ್ಲ.

ಟೀಚರ್ ಹುಳುವಿನ ಮೇಲಿದ್ದ ಕೈ ತೆಗೆದು, ಕರವಸ್ತ್ರದಿಂದ ಅಂಗೈ ಒರೆಸಿಕೊಂಡರು.

"ಮೊದಲು ಬೆಳಿಗ್ಗೆ ಹೊತ್ತು ಮನೆಯಿಲ್ಲದೋರ ತಂಗುದಾಣಗಳಿಗೆ ಹೋಗಿ ಹುಡುಕ್ತಿದ್ದೆ. ಎಂಟು ಗಂಟೆಗೆ ಅಲ್ಲಿ ಎಲ್ಲರನ್ನೂ ಆಚೆ ಕಳಿಸ್ತಾರೆ, ಬಾಗಿಲಲ್ಲಿ ನಿಂತ್ರೆ ಒಬ್ಬೊಬ್ಬರ ಮುಖಾನೂ ನೋಡಬಹುದು. ಚಳಿಗಾಲದಲ್ಲಿ ನಿನ್ನ ಕತೆ ಕೇಳಿದ್ಮೇಲೆ ಬಿಟ್ಬಿಟ್ಟೆ. ಎರಡು ಕಡೆ ಹೋಗೋಕೆ ಕಾಲಲ್ಲಿ ತ್ರಾಣ ಇರ್ಲಿಲ್ಲ. ಇಲ್ಲಿಗೇ ಬಂದೆ."



ಎಳೆಬಿಸಿಲಿನ ಫೋಟೋಗೆಂದು ಬಂದಿದ್ದ ಗುಂಪೊಂದು ಹತ್ತಿರ ಬಂತು. ಕೆಂಪು ಛತ್ರಿಯ ಗೈಡ್ ಹುಡುಗಿ ಬೆನ್ನು ಬಗ್ಗಿಸಿ, ನಡುಗುವ ದನಿ ತೆಗೆದಳು: "ಬಂದ್ಬಿಡ್ರೀ, ಸೂಪು ಆರಿಹೋಗ್ತಿದೆ." ಎಲ್ಲರೂ ನಕ್ಕರು.

"ಇವಳಿಗೆ ಯಾರು ಕಲಿಸಿದ್ದು?" ಟೀಚರ್ ಕೇಳಿದರು.

"ನಾನೇ."

"ಚೆನ್ನಾಗಿ ಕಲಿಸಿದ್ದೀಯ." ಅವರು ಚೀಲದಿಂದ ಆಲೋಯಿಸ್‌ರ ಫೋಟೋ ತೆಗೆದು ಅವನ ಕೈಗಿತ್ತರು. "ಎಂಟಕ್ಕೆ ಇನ್ನೂ ಹೊತ್ತಿದೆ. ನದಿ ಆಚೆ ದಡದ ತಂಗುದಾಣಕ್ಕೆ ನೀನು ಮುಂದೆ ಓಡು, ಬಾಗಿಲಲ್ಲಿ ನಿಂತ್ಕೋ. ಒಂದು ಮುಖಾನೂ ಬಿಡ್ಬೇಡ. ನಾನು ನಿಧಾನಕ್ಕೆ ಬರ್ತೀನಿ."

ಅವರ ಊರುಗೋಲು ಕಲ್ಲುಚಪ್ಪಡಿಯ ಮೇಲೆ ಜಾರುತ್ತಿತ್ತು. ರಾದಿಮ್ ತೋಳು ನೀಡಿದ. ಅವರು ಅದನ್ನು ಹಿಡಿಯಲಿಲ್ಲ.

ಹಳದಿ ಛತ್ರಿಯನ್ನು ಕಂಬಕ್ಕೆ ಒರಗಿಸಿ ಅವನು ಓಡಿದ.